ಖಡ್ಗ ಮತ್ತು ಅಕ್ಕಿ

1588ನೆಯ ಇಸವಿಯಲ್ಲಿ ಜಪಾನ್ ದೇಶದ ಹಳ್ಳಿಹಳ್ಳಿಗೂ ಒಂದು ಕಟ್ಟಾಜ್ಞೆ ಹೊರಟಿತು. ರೈತರ ಬಳಿ ಇರುವ ಕತ್ತಿ, ಚೂರಿ, ಬಿಲ್ಲು, ಈಟಿ, ಬಂದೂಕು ಮೊದಲಾದ ಆಯುಧಗಳನ್ನೆಲ್ಲ ಅಧಿಕಾರಿಗಳಿಗೆ ಒಪ್ಪಿಸಿಬಿಡಬೇಕು. ಹೀಗೆ ಕೂಡಿಸಿದ ಕಬ್ಬಿಣವನ್ನು ರಾಜಧಾನಿಯಲ್ಲಿ ನಿರ್ಮಾಣವಾಗುತ್ತಿರುವ ಬುದ್ಧನ ಮಹಾಮೂರ್ತಿಯ ಕೆಲಸಕ್ಕೆ ಮೊಳೆಗಳಾಗಿಯೂ ಬಂಧಗಳಾಗಿಯೂ ಬಳಸಲಾಗುವುದು. ಆದುದರಿಂದ ಆಯುಧ ಕೊಟ್ಟ ರೈತರಿಗೆ ಇಹದಲ್ಲಿಯೂ ಪರದಲ್ಲಿಯೂ ಒಳಿತಾಗುವುದು. ಇದು ಆ ಆಜ್ಞೆಯ ಸಾರಾಂಶ. ನೇಗಿಲು ಗುದ್ದಲಿಗಳನ್ನು ಮಾತ್ರ ಇಟ್ಟುಕೊಂಡು ಬೇಸಾಯದಲ್ಲಿ ನಿರತರಾದರೆ ಮಕ್ಕಳು ಮೊಮ್ಮಕ್ಕಳವರೆಗೆ ಸುಖವಾಗಿ ಬಾಳಬಹುದೆಂಬ ಉಪದೇಶವೂ ಅದರಲ್ಲಿತ್ತು. ಆಜ್ಞೆಯನ್ನು ಹೊರಡಿಸಿದವನು ತೊಯೊತೊಮಿ ಹಿದೆಯೋಶಿ. ಆಗ ಇಡೀ ದೇಶ ಅವನ ಅಂಕೆಗೆ ಬರುತ್ತಲಿತ್ತು. ಹಿದೆಯೋಶಿಯು ದೊಡ್ಡ ಮನೆತನದಲ್ಲಿ ಹುಟ್ಟಿದವನಲ್ಲ. ಸಾಮಾನ್ಯರ ಮನೆಯಿಂದ ಬಂದು, ಕತ್ತಿಯನ್ನು ನಂಬಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿದವನು. ಅಂತಹವನೇ ಈಗ ತಾನು ಏರಿದ ಏಣಿಯನ್ನು ಒದ್ದನು. ಅಂದಿನಿಂದ ಸುಮಾರು ಮುನ್ನೂರು ವರ್ಷಗಳ ಕಾಲ ಜಪಾನಿನಲ್ಲಿ ಕತ್ತಿ ಹಿಡಿಯುವವನು ಬೇರೆ, ಅಕ್ಕಿ ಬೆಳೆಯುವವನು ಬೇರೆ ಎಂಬ ವ್ಯವಸ್ಥೆ ಗಟ್ಟಿಯಾಗಿ ನಿಂತಿತು. ಈ ವ್ಯವಸ್ಥೆ ಹೇಗೆ ಬೆಳೆಯಿತು, ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು, ಕೊನೆಗೆ ಹೇಗೆ ಅಳಿಯಿತು ಎಂಬುದು ಜಪಾನಿನ ಇತಿಹಾಸದ ಒಂದು ಮುಖ್ಯ ಅಧ್ಯಾಯ.

ಭೂಮಿಯನ್ನು ಅಥವಾ ಅದರ ಉತ್ಪನ್ನವನ್ನು ಒಡೆಯನಿಂದ ಪಡೆದು, ಅದಕ್ಕೆ ಪ್ರತಿಯಾಗಿ ಅವನಿಗೆ ಯುದ್ಧದಲ್ಲಿ ಸೇವೆ ಸಲ್ಲಿಸುವ ಕ್ರಮಕ್ಕೆ ಊಳಿಗಮಾನ್ಯ ಪದ್ಧತಿ ಎಂದು ಹೆಸರು. ಇಂತಹ ಪದ್ಧತಿ ಮಧ್ಯಯುಗದ ಯುರೋಪಿನಲ್ಲಿಯೂ ಇದ್ದಿತು. ಸಾವಿರಾರು ಮೈಲಿ ದೂರದ ಜಪಾನಿನಲ್ಲಿ, ಯುರೋಪಿನ ಸಂಪರ್ಕವೇ ಇಲ್ಲದ ಕಾಲದಲ್ಲಿ, ಅದನ್ನು ಹೋಲುವ ಪದ್ಧತಿಯೊಂದು ತಾನೇ ತಾನಾಗಿ ರೂಪುಗೊಂಡುದು ಕುತೂಹಲಕರವಾದ ಸಂಗತಿ.

ಏಳು ಎಂಟನೆಯ ಶತಮಾನಗಳಲ್ಲಿ ಜಪಾನಿನ ಅರಸರು ಚೀನಾದ ಮಾದರಿಯನ್ನು ಅನುಸರಿಸಿ ರಾಜ್ಯವನ್ನು ಕಟ್ಟಿದರು. ಭೂಮಿಯೆಲ್ಲ ಚಕ್ರವರ್ತಿಯದು; ಆತನು ಅದನ್ನು ರೈತರಿಗೆ ಹಂಚಿಕೊಡುತ್ತಾನೆ; ರೈತರು ತೆರಿಗೆ ಸಲ್ಲಿಸುತ್ತಾರೆ. ಇದು ಅಂದಿನ ನಿಯಮ. ಆದರೆ ಕಾಲಕ್ರಮದಲ್ಲಿ ಆಸ್ಥಾನದ ಶ್ರೀಮಂತರೂ ದೊಡ್ಡ ದೇವಾಲಯಗಳೂ ತೆರಿಗೆಯಿಲ್ಲದ ವಿಶಾಲ ಜಮೀನುಗಳನ್ನು ಸಂಪಾದಿಸಿಕೊಂಡವು. ಶ್ರೀಮಂತರು ಕ್ಯೋಟೊ ನಗರದಲ್ಲಿ ಕಾವ್ಯ ಸಂಗೀತಗಳಲ್ಲಿ ಮುಳುಗಿರಲು, ದೂರದ ಸೀಮೆಗಳಲ್ಲಿ ಅವರ ಜಮೀನನ್ನು ಕಾಯುವ, ಕಳ್ಳಕಾಕರನ್ನು ಅಡಗಿಸುವ, ಫಸಲನ್ನು ವಸೂಲು ಮಾಡುವ ಕೆಲಸ ಸ್ಥಳೀಯ ಯೋಧರ ಪಾಲಿಗೆ ಬಂದಿತು. ಈ ಯೋಧರೇ ಸಮುರಾಯ್‌ಗಳು. 'ಸಮುರಾಯ್' ಎಂಬ ಮಾತಿಗೆ ಮೂಲದಲ್ಲಿ ಸೇವೆಯಲ್ಲಿರುವವನು, ಎಂದರೆ ಊಳಿಗದವನು ಎಂದೇ ಅರ್ಥ. ಆದರೆ ಜಮೀನನ್ನು ಕಾಯುವವನ ಕೈಯಲ್ಲಿ ಆಯುಧವಿದ್ದು, ಒಡೆಯನು ದೂರದಲ್ಲಿದ್ದರೆ, ಜಮೀನು ಬಹುಕಾಲ ಒಡೆಯನದಾಗಿ ಉಳಿಯುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ತೈರಾ ಮತ್ತು ಮಿನಮೊತೊ ಎಂಬ ಎರಡು ಯೋಧವಂಶಗಳು ದೇಶದ ಅಧಿಕಾರಕ್ಕಾಗಿ ಹೋರಾಡಿದವು. 1185ರಲ್ಲಿ ದನ್‌ನೊಉರಾ ಎಂಬಲ್ಲಿ ನಡೆದ ಸಮುದ್ರಯುದ್ಧದಲ್ಲಿ ತೈರಾ ವಂಶ ನಾಶವಾಯಿತು. ಗೆದ್ದ ಪಕ್ಷದ ನಾಯಕನಾದ ಮಿನಮೊತೊ ಯೊರಿತೊಮೊ ಕ್ಯೋಟೊವಿಗೆ ಹೋಗಿ ನೆಲೆಸಲಿಲ್ಲ. ಪೂರ್ವ ತೀರದ ಕಾಮಕುರದಲ್ಲಿಯೇ ಉಳಿದು ತನ್ನ ಆಡಳಿತವನ್ನು ಸ್ಥಾಪಿಸಿದನು. 1192ರಲ್ಲಿ ಚಕ್ರವರ್ತಿಯಿಂದ ಅವನಿಗೆ 'ಷೋಗನ್', ಎಂದರೆ ಮಹಾದಂಡನಾಯಕ, ಎಂಬ ಪದವಿ ದೊರಕಿತು. ಹೀಗೆ ಒಂದು ದೇಶಕ್ಕೆ ಎರಡು ಕೇಂದ್ರಗಳಾದವು. ಸಿಂಹಾಸನವೂ ಪೂಜ್ಯತೆಯೂ ಕ್ಯೋಟೊವಿನ ಚಕ್ರವರ್ತಿಯವು. ಸೈನ್ಯವೂ ಶಾಸನವೂ ಷೋಗನ್ನನವು. ಮುಂದೆ ಷೋಗನ್ನರ ವಂಶಗಳು ಬದಲಾದರೂ ಚಕ್ರವರ್ತಿಯ ವಂಶವನ್ನು ಕಿತ್ತೊಗೆಯಲು ಯಾರೂ ಮುಂದಾಗಲಿಲ್ಲ. ಏಕೆಂದರೆ ಷೋಗನ್ನನ ಅಧಿಕಾರಕ್ಕೆ ಮುದ್ರೆಯೊತ್ತಬೇಕಾದವನು ಚಕ್ರವರ್ತಿಯೇ.

ಷೋಗನ್ನನು ತನ್ನ ಅನುಯಾಯಿಗಳಿಗೆ ಜಮೀನಿನ ಮೇಲಿನ ಹಕ್ಕುಗಳನ್ನು ದಯಪಾಲಿಸುತ್ತಿದ್ದನು. ಅವರು ಕರೆ ಬಂದೊಡನೆ ಶಸ್ತ್ರಸಜ್ಜಿತರಾಗಿ ಹಾಜರಾಗುತ್ತಿದ್ದರು. ಒಡೆಯನು ಮಾಡಿದ ಉಪಕಾರ, ಅದಕ್ಕೆ ಪ್ರತಿಯಾಗಿ ಸೇವಕನು ತೀರಿಸಬೇಕಾದ ಋಣ, ಇವೆರಡೂ ಈ ಸಂಬಂಧದ ಎರಡು ಕೊಂಡಿಗಳು. ಹಳಗನ್ನಡ ಸಾಹಿತ್ಯವನ್ನು ಬಲ್ಲವರಿಗೆ ಈ ಭಾವನೆ ಹೊಸದಲ್ಲ. ಅನ್ನವಿಕ್ಕಿದ ಒಡೆಯನಿಗಾಗಿ ಪ್ರಾಣವನ್ನು ಕೊಡುವ ವೀರನ ಧರ್ಮವನ್ನು ನಮ್ಮ ಪ್ರಾಚೀನರು 'ಜೋಳದ ಪಾಳಿ' ಎಂದು ಕರೆದರು. ಅಲ್ಲಿ ಜೋಳದ ಋಣವಾದರೆ ಜಪಾನಿನಲ್ಲಿ ಅಕ್ಕಿಯ ಋಣ. ಆದರೆ ಋಣವೆಂಬುದಕ್ಕೆ ಎರಡು ಕಡೆಗಳಿರುತ್ತವೆ. ಒಡೆಯನು ಕೊಡಲಾರದೆ ಹೋದಾಗ ಏನಾಗುತ್ತದೆ? ಈ ಪ್ರಶ್ನೆ ಬಹುಬೇಗ ಎದುರಾಯಿತು. 1274ರಲ್ಲಿಯೂ 1281ರಲ್ಲಿಯೂ ಮಂಗೋಲ ದೊರೆ ಕುಬ್ಲಾಯ್‌ಖಾನನ ನೌಕಾಪಡೆಗಳು ಜಪಾನಿನ ಮೇಲೆ ಏರಿಬಂದವು. ಯೋಧರು ಸ್ವಂತ ಖರ್ಚಿನಲ್ಲಿ ಹೋರಾಡಿದರು. ಬಿರುಗಾಳಿಯೂ ನೆರವಾಗಿ ಶತ್ರುಗಳು ಹಿಮ್ಮೆಟ್ಟಿದರು. ಆದರೆ ಇದು ರಕ್ಷಣೆಯ ಯುದ್ಧ. ಗೆದ್ದ ನೆಲವಿಲ್ಲ, ಹಂಚಲು ಜಮೀನಿಲ್ಲ. ಬಹುಮಾನ ಕಾಣದ ಯೋಧರು ಸಾಲಗಾರರಾದರು. ಅವರ ನಿಷ್ಠೆ ಸಡಿಲವಾಯಿತು. 1333ರಲ್ಲಿ ಕಾಮಕುರದ ಆಡಳಿತ ಉರುಳಿಬಿದ್ದಿತು.

ಆ ಆಡಳಿತವು ಬಿಟ್ಟುಹೋದ ಒಂದು ಒಳ್ಳೆಯ ಆಸ್ತಿಯನ್ನು ಇಲ್ಲಿ ಸ್ಮರಿಸಬೇಕು. 1232ರಲ್ಲಿ ಹೋಜೊ ಯಸುತೊಕಿ ಎಂಬ ಆಡಳಿತಗಾರನು 51 ವಿಧಿಗಳ ಶಾಸನ ಸಂಗ್ರಹವೊಂದನ್ನು ಹೊರಡಿಸಿದನು. ಜಮೀನಿನ ವ್ಯಾಜ್ಯಗಳನ್ನು ಕತ್ತಿಯಿಂದಲ್ಲದೆ ಸಾಕ್ಷ್ಯ ಪತ್ರಗಳಿಂದ ತೀರ್ಮಾನಿಸುವ ಪದ್ಧತಿಗೆ ಅದು ಆಧಾರವಾಯಿತು. ಆ ಕಾಲದಲ್ಲಿ ಯೋಧರ ಹೆಣ್ಣುಮಕ್ಕಳಿಗೂ ಜಮೀನಿನಲ್ಲಿ ಪಾಲು ಸಿಗುತ್ತಿತ್ತು. ಮಕ್ಕಳಿಲ್ಲದ ಹೆಂಗಸು ದತ್ತು ತೆಗೆದುಕೊಂಡು ಆಸ್ತಿಯನ್ನು ಒಪ್ಪಿಸಬಹುದಾಗಿತ್ತು. ಮುಂದೆ ಯುದ್ಧಗಳು ಹೆಚ್ಚಿ, ಆಸ್ತಿಯೆಲ್ಲ ಒಬ್ಬ ಗಂಡುಮಗನಿಗೆ ಸೇರುವ ರೂಢಿ ಬಲವಾದಂತೆ, ಸ್ತ್ರೀಯರು ಈ ಹಕ್ಕನ್ನು ಕಳೆದುಕೊಂಡರು.

ಅನಂತರ ಅಧಿಕಾರಕ್ಕೆ ಬಂದ ಆಷಿಕಾಗ ವಂಶದ ಷೋಗನ್ನರು ದುರ್ಬಲರಾಗಿದ್ದರು. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಕ್ಯೋಟೊ ನಗರದ ಬಹುಭಾಗ ಸುಟ್ಟು ಬೂದಿಯಾಯಿತು. ಮುಂದಿನ ಒಂದು ಶತಮಾನ ದೇಶದಲ್ಲಿ ಕದನಗಳದೇ ಕಾಲ. ಸೀಮೆ ಸೀಮೆಗಳಲ್ಲಿ 'ಡೈಮ್ಯೊ' ಎಂಬ ಪ್ರಭುಗಳು ಕೋಟೆ ಕಟ್ಟಿಕೊಂಡು ಸ್ವತಂತ್ರರಂತೆ ಆಳಿದರು. ಕೆಳಗಿನವನು ಮೇಲಿನವನನ್ನು ಉರುಳಿಸುವುದು ಆ ಕಾಲದ ಲಕ್ಷಣವಾಯಿತು. ಸ್ವಾಮಿನಿಷ್ಠೆಯೇ ಸಮುರಾಯ್ ಧರ್ಮವೆಂದು ಹೊಗಳುವವರು ಈ ಕಾಲವನ್ನು ಮರೆಯಬಾರದು. ದೇಶವನ್ನು ಒಗ್ಗೂಡಿಸಲು ಹೊರಟ ಓದ ನೊಬುನಾಗನೇ 1582ರಲ್ಲಿ ತನ್ನ ಸ್ವಂತ ಸೇನಾನಿಯ ದ್ರೋಹಕ್ಕೆ ಬಲಿಯಾದನು. 1543ರಲ್ಲಿ ಪೋರ್ಚುಗೀಸರ ಮೂಲಕ ಬಂದ ಬಂದೂಕನ್ನು ಜಪಾನಿನ ಕಮ್ಮಾರರು ಕೆಲವೇ ವರ್ಷಗಳಲ್ಲಿ ತಾವೇ ತಯಾರಿಸತೊಡಗಿದರು. ಬಂದೂಕು ಹಿಡಿದ ರೈತನೂ ಕುದುರೆಯ ಮೇಲಿನ ಯೋಧನನ್ನು ಕೆಡವಬಲ್ಲವನಾದನು.

ರೈತರ ಆಯುಧಗಳನ್ನು ಹಿದೆಯೋಶಿ ಕಿತ್ತುಕೊಂಡುದರ ಮರ್ಮ ಈಗ ಸ್ಪಷ್ಟವಾಗುತ್ತದೆ. ಅದರೊಡನೆ ಅವನು ಮತ್ತೊಂದು ಕಾರ್ಯವನ್ನೂ ಕೈಗೊಂಡನು. ದೇಶದ ಗದ್ದೆಗಳನ್ನೆಲ್ಲ ಅಳತೆ ಮಾಡಿಸಿ, ಪ್ರತಿಯೊಂದರ ಇಳುವರಿಯನ್ನು 'ಕೊಕು' ಎಂಬ ಮಾನದಲ್ಲಿ ದಾಖಲೆ ಮಾಡಿಸಿದನು. ಒಂದು ಕೊಕು ಎಂದರೆ ಸುಮಾರು 180 ಲೀಟರು ಅಕ್ಕಿ. ಒಬ್ಬ ಮನುಷ್ಯನ ಒಂದು ವರ್ಷದ ಊಟಕ್ಕೆ ಸಾಕಾಗುವಷ್ಟು ಎಂದು ಲೆಕ್ಕ. ಅಲ್ಲಿಂದ ಮುಂದೆ ಪ್ರಭುವಿನ ಘನತೆ, ಯೋಧನ ಸಂಬಳ, ಹಳ್ಳಿಯ ತೆರಿಗೆ ಎಲ್ಲವೂ ಕೊಕುವಿನಲ್ಲಿಯೇ. ಹತ್ತು ಸಾವಿರ ಕೊಕು ಉತ್ಪನ್ನದ ಸೀಮೆಯುಳ್ಳವನೇ ಡೈಮ್ಯೊ. ಅತ್ಯಂತ ಶ್ರೀಮಂತವಾದ ಕಾಗ ಸೀಮೆಯ ಉತ್ಪನ್ನ ಹತ್ತು ಲಕ್ಷ ಕೊಕುಗಳನ್ನೂ ಮೀರಿತ್ತು.

ಹಿದೆಯೋಶಿಯ ಮರಣಾನಂತರ, 1600ರಲ್ಲಿ, ಸೆಕಿಗಹರ ಎಂಬಲ್ಲಿ ನಡೆದ ಮಹಾಯುದ್ಧದಲ್ಲಿ ತೊಕುಗಾವ ಇಯೆಯಾಸು ಜಯಶಾಲಿಯಾದನು. 1603ರಲ್ಲಿ ಅವನು ಷೋಗನ್ ಆಗಿ, ಇಂದಿನ ಟೋಕಿಯೋ ಆಗಿರುವ ಎದೊ ಪಟ್ಟಣದಿಂದ ಆಳತೊಡಗಿದನು. ಅವನ ವಂಶದ ಹದಿನೈದು ಮಂದಿ ಷೋಗನ್ನರು 1867ರವರೆಗೆ ಅಧಿಕಾರ ನಡೆಸಿದರು. ಈ ಅವಧಿಯಲ್ಲಿ ದೇಶದಲ್ಲಿ ಸುಮಾರು 260 ಮಂದಿ ಡೈಮ್ಯೊಗಳಿದ್ದರು. ಅವರನ್ನು ಹತೋಟಿಯಲ್ಲಿಡಲು ತೊಕುಗಾವರು ಕಂಡುಕೊಂಡ ಉಪಾಯ ಚತುರವಾದುದು. 1635ರ ಶಾಸನದ ಪ್ರಕಾರ ಡೈಮ್ಯೊಗಳು ಒಂದು ವರ್ಷ ಎದೊವಿನಲ್ಲಿಯೂ ಒಂದು ವರ್ಷ ತಮ್ಮ ಸೀಮೆಯಲ್ಲಿಯೂ ಇರಬೇಕು. ಹೆಂಡತಿಯೂ ವಾರಸುದಾರನಾದ ಮಗನೂ ಎದೊವಿನಲ್ಲಿಯೇ ಉಳಿಯಬೇಕು. ಹೆಸರಿಗೆ ಇದು ಗೌರವದ ಸೇವೆ. ನಿಜದಲ್ಲಿ ಅವರು ಒತ್ತೆಯಾಳುಗಳು. ಪರಿವಾರ ಸಮೇತವಾಗಿ ಹೋಗಿ ಬರುವ ಖರ್ಚಿನಲ್ಲಿಯೇ ಪ್ರಭುವಿನ ಬೊಕ್ಕಸ ಬರಿದಾಗುತ್ತಿತ್ತು. ದಂಗೆಗೆ ಹಣವೇ ಉಳಿಯುತ್ತಿರಲಿಲ್ಲ. ಹಕೊನೆ ಮೊದಲಾದ ಕಡೆಗಳ ಕಾವಲುಕಟ್ಟೆಗಳಲ್ಲಿ ಎದೊವಿನ ಕಡೆಗೆ ಬಂದೂಕುಗಳು ಒಳಬರದಂತೆ, ಎದೊವಿನಿಂದ ಪ್ರಭುಗಳ ಹೆಂಗಸರು ಹೊರಹೋಗದಂತೆ ಕಟ್ಟೆಚ್ಚರದಿಂದ ತಪಾಸಣೆ ನಡೆಯುತ್ತಿತ್ತು. ಆದರೆ ಈ ಓಡಾಟದಿಂದ ಹೆದ್ದಾರಿಗಳೂ ಛತ್ರಗಳೂ ವ್ಯಾಪಾರವೂ ಬೆಳೆದವು. ಹದಿನೆಂಟನೆಯ ಶತಮಾನದಲ್ಲಿ ಎದೊ ಸುಮಾರು ಹತ್ತು ಲಕ್ಷ ಜನರ ಮಹಾನಗರವಾಗಿತ್ತು.

ಈ ಸಮಾಜದಲ್ಲಿ ಯೋಧರು, ರೈತರು, ಕುಶಲಕರ್ಮಿಗಳು, ವರ್ತಕರು ಎಂಬ ನಾಲ್ಕು ವರ್ಗಗಳನ್ನು ಪಂಡಿತರು ಹೇಳುತ್ತಿದ್ದರು. ವಾಸ್ತವವಾಗಿ ಕುಶಲಕರ್ಮಿ ಮತ್ತು ವರ್ತಕರ ನಡುವೆ ಹೆಚ್ಚಿನ ಅಂತರವಿರಲಿಲ್ಲವೆಂದೂ, ಯೋಧ, ಹಳ್ಳಿಗ, ಪಟ್ಟಣಿಗ ಎಂಬ ಭೇದವೇ ಮುಖ್ಯವಾಗಿತ್ತೆಂದೂ ಇಂದಿನ ಇತಿಹಾಸಕಾರರು ತೋರಿಸಿದ್ದಾರೆ. ಎರಡು ಕತ್ತಿಗಳನ್ನು ಸೊಂಟಕ್ಕೆ ಸಿಕ್ಕಿಸುವುದು ಯೋಧನ ಹಕ್ಕು. ಈ ಎಲ್ಲ ವರ್ಗಗಳ ಹೊರಗೆ ಮತ್ತೊಂದು ಗುಂಪಿತ್ತು. ಸತ್ತ ದನಗಳನ್ನು ಸಾಗಿಸುವ, ತೊಗಲು ಹದಮಾಡುವ, ಮರಣದಂಡನೆಯ ಕೆಲಸಗಳನ್ನು ನಡೆಸುವ ಈ ಜನರನ್ನು ಹೊಲೆಯೆಂಬ ಭಾವನೆಯಿಂದ ದೂರವಿಟ್ಟು, ಪ್ರತ್ಯೇಕ ಕೇರಿಗಳಲ್ಲಿ ವಾಸ ಮಾಡಿಸುತ್ತಿದ್ದರು. ಕುದುರೆಯ ಜೀನು, ಯುದ್ಧಕವಚ ಮೊದಲಾದವುಗಳಿಗೆ ಬೇಕಾದ ತೊಗಲನ್ನು ಹದಮಾಡಿಕೊಟ್ಟವರು ಇವರೇ. ಆದರೆ ಅದನ್ನು ತೊಟ್ಟ ಯೋಧನ ಮನೆಯ ಹೊಸ್ತಿಲನ್ನು ಇವರು ತುಳಿಯುವಂತಿರಲಿಲ್ಲ.

ಪಂಡಿತರ ಮಾತಿನಲ್ಲಿ ರೈತನ ಸ್ಥಾನ ಯೋಧನ ನಂತರದ್ದು. ಏಕೆಂದರೆ ಅವನು ಅನ್ನದಾತ. ಆದರೆ ಅವನ ಬದುಕು ಈ ಗೌರವಕ್ಕೆ ತಕ್ಕಂತಿರಲಿಲ್ಲ. ಬೆಳೆಯ ಹತ್ತು ಪಾಲಿನಲ್ಲಿ ನಾಲ್ಕು ಪಾಲು, ಎಷ್ಟೋ ಕಡೆ ಐದು ಪಾಲು, ಪ್ರಭುವಿನ ಕಣಜಕ್ಕೆ ಹೋಗುತ್ತಿತ್ತು. ತೆರಿಗೆಯನ್ನು ಹಳ್ಳಿಯ ಮೇಲೆ ಒಟ್ಟಾಗಿ ಹೇರುತ್ತಿದ್ದುದರಿಂದ ಒಬ್ಬನು ಕೊಡದಿದ್ದರೆ ಉಳಿದವರು ಕೊಡಬೇಕು. ಐದೈದು ಮನೆಗಳನ್ನು ಒಂದು ಗುಂಪಾಗಿ ಮಾಡಿ, ಒಬ್ಬರ ತಪ್ಪಿಗೆ ಎಲ್ಲರೂ ಹೊಣೆಯೆಂದು ವಿಧಿಸಲಾಗಿತ್ತು. ಅಕ್ಕಿ ಬೆಳೆದವನು ಎಷ್ಟೋ ದಿನ ಬಾರ್ಲಿ ನವಣೆಗಳನ್ನು ತಿಂದು ಬದುಕಬೇಕಾಗಿತ್ತು. 1783ರಲ್ಲಿ ಅಸಮ ಜ್ವಾಲಾಮುಖಿ ಸ್ಫೋಟಗೊಂಡು ಹೊಲಗದ್ದೆಗಳ ಮೇಲೆ ಬೂದಿ ಸುರಿಯಿತು. ಆಗಲೇ ಆರಂಭವಾಗಿದ್ದ ಕ್ಷಾಮ ಇದರಿಂದ ಇನ್ನಷ್ಟು ಭೀಕರವಾಗಿ, ಉತ್ತರದ ಸೀಮೆಗಳಲ್ಲಿ ಅಸಂಖ್ಯಾತ ಜನರು ಹಸಿವಿನಿಂದ ಸತ್ತರು.

ಇತ್ತ ಯೋಧರ ಸ್ಥಿತಿಯೂ ಬದಲಾಯಿತು. ಎರಡು ಶತಮಾನಗಳಿಗೂ ಮೀರಿದ ಶಾಂತಿಯ ಕಾಲದಲ್ಲಿ ಯುದ್ಧವಿಲ್ಲದ ಯೋಧನು ಕಚೇರಿಯ ಗುಮಾಸ್ತನಾದನು. ಅವನ ಸಂಬಳ ಅಕ್ಕಿಯ ರೂಪದಲ್ಲಿ ಬರುತ್ತಿತ್ತು. ಪಟ್ಟಣದ ಖರ್ಚಾದರೋ ಹಣದಲ್ಲಿ ಆಗಬೇಕು. ಅಕ್ಕಿಯನ್ನು ಹಣವಾಗಿ ಮಾಡಿಕೊಡುವವರು ಓಸಾಕ ಮತ್ತು ಎದೊವಿನ ವರ್ತಕರು. ಪಂಡಿತರ ಪಟ್ಟಿಯಲ್ಲಿ ಕೊನೆಯವರಾಗಿದ್ದ ಅವರ ಬಳಿ ಯೋಧರೂ ಡೈಮ್ಯೊಗಳೂ ಸಾಲಕ್ಕೆ ಕೈಯೊಡ್ಡಿದರು. ಹೊರಗಿನ ಗೋಡೆ ಭದ್ರವಾಗಿ ಕಾಣುತ್ತಿದ್ದರೂ ಒಳಗೆ ಗೆದ್ದಲು ಹಿಡಿದಿತ್ತು.

ಕತ್ತಿಯ ಧರ್ಮವು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಈ ಕಾಲದ ಎರಡು ಘಟನೆಗಳು ಎತ್ತಿ ತೋರಿಸುತ್ತವೆ. ಮೊದಲನೆಯದು ಜಪಾನಿನ ಮನೆಮಾತಾದ ಕಥೆ. 1701ರಲ್ಲಿ ಅಕೊ ಸೀಮೆಯ ಪ್ರಭು ಅಸನೊ, ಎದೊ ಕೋಟೆಯೊಳಗೆ ಕಿರ ಎಂಬ ಅಧಿಕಾರಿಯ ಮೇಲೆ ಕತ್ತಿ ಬೀಸಿದನು. ಕೋಟೆಯೊಳಗೆ ಕತ್ತಿ ಹಿರಿಯುವುದು ಮಹಾಪರಾಧ. ಅಂದೇ ಅವನಿಗೆ ಆತ್ಮಾಹುತಿಯ ಶಿಕ್ಷೆಯಾಯಿತು, ಸೀಮೆ ಮುಟ್ಟುಗೋಲಾಯಿತು, ಅವನ ಯೋಧರು ಒಡೆಯನಿಲ್ಲದ ಅಲೆಮಾರಿಗಳಾದರು. ಅವರಲ್ಲಿ ನಲವತ್ತೇಳು ಮಂದಿ ಓಇಶಿ ಎಂಬವನ ನಾಯಕತ್ವದಲ್ಲಿ ಒಂದಾಗಿ, ಸಮಯಕ್ಕಾಗಿ ಕಾದರು. 1703ರ ಆರಂಭದ ಒಂದು ಚಳಿಗಾಲದ ರಾತ್ರಿ ಕಿರನ ಮನೆಯನ್ನು ಮುತ್ತಿ ಅವನನ್ನು ಕೊಂದು, ತಲೆಯನ್ನು ಒಡೆಯನ ಸಮಾಧಿಯ ಮುಂದಿಟ್ಟು, ತೀರ್ಪಿಗಾಗಿ ತಲೆಬಾಗಿ ನಿಂತರು. ಅವರು ಋಣ ತೀರಿಸಿದ ವೀರರೇ, ಶಾಸನ ಮುರಿದ ಕೊಲೆಗಾರರೇ? ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. ಕೊನೆಗೆ ಅವರಲ್ಲಿ ನಲವತ್ತಾರು ಮಂದಿಗೆ, ಸಾಮಾನ್ಯ ಅಪರಾಧಿಗಳಂತೆ ತಲೆ ಕಡಿಸದೆ, ಯೋಧರಿಗೆ ಸಲ್ಲುವ ಆತ್ಮಾಹುತಿಯ ಗೌರವವನ್ನು ಕೊಡಲಾಯಿತು. ಶಾಸನವೂ ಉಳಿಯಿತು, ಕೀರ್ತಿಯೂ ಉಳಿಯಿತು. ಆದರೆ ಒಬ್ಬ ಪ್ರಭುವಿನ ಒಂದು ಗಳಿಗೆಯ ಕೋಪಕ್ಕೆ ಇಷ್ಟು ಜೀವಗಳು ತೆತ್ತ ಬೆಲೆಯನ್ನು ಈ ಕೀರ್ತಿ ಮರೆಸಬಾರದು.

ಎರಡನೆಯ ಘಟನೆ ಅಷ್ಟು ಪ್ರಸಿದ್ಧವಲ್ಲದಿದ್ದರೂ ಹೆಚ್ಚು ಚಿಂತನಾರ್ಹವಾದುದು. ಓಶಿಯೊ ಹೈಹಾಚಿರೊ ಎಂಬವನು ಓಸಾಕ ನಗರದಲ್ಲಿ ಪೊಲೀಸು ಅಧಿಕಾರಿಯಾಗಿದ್ದ ಸಮುರಾಯ್. ಪ್ರಾಮಾಣಿಕನೆಂದು ಹೆಸರಾದ ಅವನು ಕೆಲಸ ಬಿಟ್ಟು ಪಾಠಶಾಲೆ ನಡೆಸುತ್ತಿದ್ದನು. ತಿಳಿವಳಿಕೆಗೂ ನಡೆಗೂ ಭೇದವಿರಬಾರದು, ತಿಳಿದುದನ್ನು ಆಚರಿಸದವನು ತಿಳಿದವನೇ ಅಲ್ಲ ಎಂಬುದು ಅವನು ನಂಬಿದ ತತ್ತ್ವ. 1830ರ ದಶಕದಲ್ಲಿ ಮತ್ತೆ ಭೀಕರ ಕ್ಷಾಮ ಬಂದಿತು. ಓಸಾಕದ ಉಗ್ರಾಣಗಳಲ್ಲಿ ಅಕ್ಕಿ ಇತ್ತು; ಬೀದಿಯಲ್ಲಿ ಜನ ಸಾಯುತ್ತಿದ್ದರು; ಅಧಿಕಾರಿಗಳು ಅಕ್ಕಿಯನ್ನು ಎದೊವಿಗೆ ಸಾಗಿಸುತ್ತಿದ್ದರು. ಕಣಜಗಳನ್ನು ತೆರೆಯಿರೆಂದು ಓಶಿಯೊ ಬೇಡಿಕೊಂಡನು. ಯಾರೂ ಕಿವಿಗೊಡಲಿಲ್ಲ. ಆಗ ಅವನು ತನ್ನ ಪುಸ್ತಕಭಂಡಾರವನ್ನೇ ಮಾರಿ ಬಂದ ಹಣವನ್ನು ಬಡವರಿಗೆ ಹಂಚಿದನು. ಅದೂ ಸಾಲದೆಂದು ಕಂಡಾಗ, 1837ರಲ್ಲಿ ಶಿಷ್ಯರನ್ನೂ ರೈತರನ್ನೂ ಕೂಡಿಕೊಂಡು ದಂಗೆಯೆದ್ದನು. ದಂಗೆ ಒಂದೇ ದಿನದಲ್ಲಿ ಮುರಿದುಬಿದ್ದಿತು. ಅದರಿಂದ ಹೊತ್ತಿದ ಬೆಂಕಿಯಲ್ಲಿ ಸಾವಿರಾರು ಮನೆಗಳು ಸುಟ್ಟುಹೋದವು. ಅವುಗಳಲ್ಲಿ ಬಡವರ ಮನೆಗಳೂ ಇದ್ದವು. ಅಡಗಿದ್ದ ಸ್ಥಳವನ್ನು ಅಧಿಕಾರಿಗಳು ಮುತ್ತಿದಾಗ ಓಶಿಯೊ ಪ್ರಾಣ ಕಳೆದುಕೊಂಡನು. ಅವನ ಮಾರ್ಗ ಸರಿಯೆಂದು ಹೇಳಲಾಗದು. ಆದರೆ ಅವನ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ. ಯೋಧನು ಉಂಡ ಅಕ್ಕಿಯನ್ನು ಕೊಟ್ಟವನು ಒಡೆಯನೇ, ಬೆಳೆದ ರೈತನೇ? ಋಣ ಯಾರದು? ನಲವತ್ತೇಳು ಮಂದಿ ಒಂದು ಬಗೆಯ ಉತ್ತರವನ್ನು ಕೊಟ್ಟಿದ್ದರು. ಓಶಿಯೊ ಮತ್ತೊಂದು ಬಗೆಯದನ್ನು ಕೊಟ್ಟನು.

1853ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿ ಯುದ್ಧನೌಕೆಗಳೊಡನೆ ಬಂದು, ಬಾಗಿಲು ತೆರೆಯಬೇಕೆಂದು ಜಪಾನನ್ನು ಒತ್ತಾಯಿಸಿದನು. ಷೋಗನ್ನನ ನಿರ್ಬಲತೆ ಬಯಲಾಯಿತು. 1867ರಲ್ಲಿ ಕೊನೆಯ ಷೋಗನ್ ಅಧಿಕಾರವನ್ನು ಚಕ್ರವರ್ತಿಗೆ ಹಿಂದಿರುಗಿಸಿದನು. ಮರುವರ್ಷ ಮೈಜಿ ಯುಗ ಆರಂಭವಾಯಿತು. ಹೊಸ ಸರಕಾರವನ್ನು ನಡೆಸಿದವರೂ ಬಹುಮಟ್ಟಿಗೆ ಕೆಳದರ್ಜೆಯ ಸಮುರಾಯ್‌ಗಳೇ. ಆದರೆ ಅವರು ತಮ್ಮ ವರ್ಗದ ವಿಶೇಷ ಹಕ್ಕುಗಳನ್ನೇ ಒಂದೊಂದಾಗಿ ಕಿತ್ತುಹಾಕಿದರು. 1871ರಲ್ಲಿ ಡೈಮ್ಯೊಗಳ ಸೀಮೆಗಳು ರದ್ದಾಗಿ ಜಿಲ್ಲೆಗಳಾದವು. ಅದೇ ವರ್ಷ, ಹೊರಗಿಟ್ಟಿದ್ದ ಜನರು ಶಾಸನದ ದೃಷ್ಟಿಯಲ್ಲಿ ಉಳಿದವರಿಗೆ ಸಮಾನರೆಂದು ಘೋಷಿಸಲಾಯಿತು. 1873ರಲ್ಲಿ ಎಲ್ಲ ವರ್ಗದ ಯುವಕರಿಗೂ ಸೈನ್ಯಸೇವೆ ಕಡ್ಡಾಯವಾಯಿತು. ಅಕ್ಕಿಯ ತೆರಿಗೆಯ ಬದಲು ಹಣದ ಭೂಕಂದಾಯ ಬಂದಿತು. 1876ರಲ್ಲಿ ಯೋಧರ ಸಂಬಳವು ಸರಕಾರಿ ಸಾಲಪತ್ರಗಳಾಗಿ ಮಾರ್ಪಟ್ಟಿತು. ಸೈನಿಕರು, ಪೊಲೀಸರು ಮೊದಲಾದವರ ಹೊರತು ಬೇರೆ ಯಾರೂ ಕತ್ತಿ ಧರಿಸಬಾರದೆಂಬ ಆಜ್ಞೆಯಾಯಿತು. 1588ರಲ್ಲಿ ರೈತನಿಂದ ಕಿತ್ತುಕೊಂಡ ಕತ್ತಿಯನ್ನು 288 ವರ್ಷಗಳ ಅನಂತರ ಸಮುರಾಯಿಯಿಂದಲೂ ಕಿತ್ತುಕೊಳ್ಳಲಾಯಿತು.

ಇದನ್ನು ಸಹಿಸದ ಯೋಧರು 1877ರಲ್ಲಿ ಸತ್ಸುಮ ಸೀಮೆಯಲ್ಲಿ ಬಂಡೆದ್ದರು. ಹೊಸ ಸರಕಾರವನ್ನು ಕಟ್ಟಿದವರಲ್ಲಿ ಒಬ್ಬನಾದ ಸೈಗೊ ತಕಮೊರಿಯೇ ಅವರ ನಾಯಕ. ಅವರು ಕುಮಮೊತೊ ಕೋಟೆಯನ್ನು ಮುತ್ತಿದರು. ಕೋಟೆಯನ್ನು ಕಾಯುತ್ತಿದ್ದ ಸೈನ್ಯದಲ್ಲಿ ರೈತರ ಮಕ್ಕಳು ತುಂಬಿದ್ದರು. ಹುಟ್ಟಾ ಯೋಧರ ಎದುರು ಇವರು ಓಡಿಹೋಗುವರೆಂದು ಹಲವರು ನಂಬಿದ್ದರು. ಇವರು ಓಡಲಿಲ್ಲ, ಕೋಟೆ ಬೀಳಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಸೈಗೊ ಮಡಿದನು, ಬಂಡಾಯವು ಮುಗಿಯಿತು. ಶೌರ್ಯವು ಒಂದು ವರ್ಗದ ಆಸ್ತಿಯಲ್ಲವೆಂಬುದು ಸಿದ್ಧವಾಯಿತು.

ಕತ್ತಿಯ ಪ್ರಶ್ನೆ ಹೀಗೆ ಮುಗಿದರೂ ಅಕ್ಕಿಯ ಪ್ರಶ್ನೆ ಮುಗಿಯಲಿಲ್ಲ. ಹಣದ ಕಂದಾಯವನ್ನು ತೆರಲಾರದ ಅನೇಕ ರೈತರು ಜಮೀನು ಕಳೆದುಕೊಂಡು ಗೇಣಿದಾರರಾದರು. ಎರಡನೆಯ ಮಹಾಯುದ್ಧದ ಅನಂತರ, 1946ರಲ್ಲಿ ಆರಂಭವಾದ ಭೂಸುಧಾರಣೆಯಿಂದ ಗೇಣಿಯ ಗದ್ದೆಗಳ ಬಹುಭಾಗ ಉಳುವವರ ವಶವಾಯಿತು. ಶಾಸನದಲ್ಲಿ ಸಮಾನರಾದವರಿಗೂ ಸಮಾಜದಲ್ಲಿ ಸಮಾನತೆ ಸುಲಭವಾಗಿ ದೊರಕಲಿಲ್ಲ. 1922ರಲ್ಲಿ ಅವರು ತಮ್ಮದೇ ಸಂಘವನ್ನು ಕಟ್ಟಿಕೊಂಡು ಹೋರಾಟಕ್ಕೆ ತೊಡಗಬೇಕಾಯಿತು. ಊಳಿಗಮಾನ್ಯ ಪದ್ಧತಿಯನ್ನು ಆಜ್ಞೆಯಿಂದ ರದ್ದು ಮಾಡಲು ಕೆಲವು ವರ್ಷಗಳು ಸಾಕಾದವು. ಮನಸ್ಸುಗಳಿಂದ ಅದನ್ನು ಅಳಿಸಲು ತಲೆಮಾರುಗಳೇ ಬೇಕಾದವು. ಎದೊವಿನ ಕೋಟೆಗಳನ್ನೂ ಸಮುರಾಯ್‌ಗಳ ಖಡ್ಗಗಳನ್ನೂ ವಸ್ತುಸಂಗ್ರಹಾಲಯಗಳಲ್ಲಿ ನೋಡಿ ಬೆರಗಾಗುವವರು, ಆ ಖಡ್ಗದ ಹೊಳಪಿನ ಹಿಂದೆ ಕೆಸರುಗದ್ದೆಯಲ್ಲಿ ಬಾಗಿ ನಾಟಿ ಮಾಡಿದ ಹೆಸರಿಲ್ಲದ ಜನರನ್ನೂ ನೆನೆಯುವುದು ನ್ಯಾಯ.